ಅಪ್‌ಡೇಟ್: ಸಿರಿಂಜಿನ ಗಾಳಿ ಬಾಯ್ಲನ ನಿಯಮಕ್ಕೆ ಹೊಂದದಿದ್ದ ಕಾರಣ ಸಿಕ್ಕಿತು

ತಾಪಮಾನ ಬದಲಾಗದಿದ್ದರೆ ಗಾಳಿಯ ಗಾತ್ರ ಮತ್ತು ಒತ್ತಡಗಳ ಗುಣಲಬ್ಧವೂ ಬದಲಾಗದು ಎನ್ನುತ್ತದೆ ಬಾಯ್ಲನ ನಿಯಮ. ಅದರಂತೆ ಸಿರಿಂಜಿನ ಗಾಳಿಯನ್ನು 20 ಮಿ.ಲೀ.ನಿಂದ 10 ಮಿ.ಲೀ.ಗೆ ಒತ್ತಿದಾಗ ಒತ್ತಡ 101ರಿಂದ 202 ಕಿಲೋಪಾಸ್ಕಲ್‌ಗೆ ಏರಬೇಕಿದ್ದರೂ ನನ್ನ ಸೆನ್ಸರ್ 193ರಲ್ಲೇ ನಿಲ್ಲುತ್ತಿದೆ ಎಂದು ಕಳೆದ ವಾರ ಕೇಳಿದ್ದೆ. ಗಾಳಿ ಸೋರುತ್ತಿರಬಹುದೆಂಬ ಸಲಹೆಯಂತೆ ಪಿಸ್ಟನ್ನಿಗೆ ಗ್ರೀಸ್ ಹಚ್ಚಿ ಹತ್ತು ನಿಮಿಷ ಒತ್ತಿ ಹಿಡಿದೆ. ಅಂಕಿ ಕದಲಲಿಲ್ಲ, ಕೈ ಮಾತ್ರ ಸೋತಿತು. ಸೆನ್ಸರ್ ವಾತಾವರಣದ ಒತ್ತಡವನ್ನು ಬಿಟ್ಟು ಅಳೆಯುತ್ತಿದೆಯೇ ಎಂಬ ಸಂದೇಹವೂ ನಿಲ್ಲಲಿಲ್ಲ, ಏಕೆಂದರೆ ಸೆನ್ಸರಿನ ಬಾಯಿ ತೆರೆದಿಟ್ಟಾಗ ಅದು ಸೊನ್ನೆಯ ಬದಲು 101 ಎಂದೇ ತೋರಿಸುತ್ತಿತ್ತು.

ಸಮಸ್ಯೆ ಬಗೆಹರಿದದ್ದು, ಸಿರಿಂಜನ್ನೂ ಸೆನ್ಸರನ್ನೂ ಜೋಡಿಸುವ ಕೊಳವೆಯೊಳಗಿನ ಗಾಳಿಯನ್ನು ಲೆಕ್ಕಕ್ಕೆ ಸೇರಿಸಿ ಎಂದವರ ಮಾತಿನಿಂದ. ಅವರು ಹೇಳಿದಂತೆ ಗಾತ್ರವನ್ನು ಒತ್ತಡದ ವಿಲೋಮದೊಂದಿಗೆ (1 ÷ ಒತ್ತಡ) ಗ್ರಾಫಿನಲ್ಲಿ ಗುರುತಿಸಿದಾಗ ಸರಳರೇಖೆಯೇನೋ ಬಂತು, ಆದರೆ ಅದು ಮೂಲಬಿಂದುವನ್ನು ತಪ್ಪಿಸಿ ಗಾತ್ರದ ಅಕ್ಷವನ್ನು ಸೊನ್ನೆಗಿಂತ 1 ಮಿ.ಲೀ. ಕೆಳಗೆ ಕತ್ತರಿಸಿತು. ಕೊಳವೆಗೆ ನೀರು ತುಂಬಿಸಿ ಅಳೆದರೆ ಅದೂ ಹೆಚ್ಚುಕಡಿಮೆ 1 ಮಿ.ಲೀ.! ಅದನ್ನು ಕೂಡಿಸಿದ ಮೇಲೆ 21ನ್ನು 101ರಿಂದ ಗುಣಿಸಿದರೆ 2121, 11ನ್ನು 193ರಿಂದ ಗುಣಿಸಿದರೆ 2123; ಇದಕ್ಕಿಂತ ಹೆಚ್ಚಿನ ಹೊಂದಾಣಿಕೆಯನ್ನು ನಾನಂತೂ ಕೇಳಲಾರೆ.

ನಿಧಾನವಾಗಿ ಒತ್ತಿ ಎಂಬ ಸಲಹೆ ಈ ವ್ಯತ್ಯಾಸಕ್ಕೆ ಉತ್ತರವಾಗದಿದ್ದರೂ ವ್ಯರ್ಥವಾಗಲಿಲ್ಲ. ಒಮ್ಮೆಲೇ ಒತ್ತಿದಾಗ ಗಾಳಿ ಬಿಸಿಯಾಗಿ ಅಂಕಿ 205ರ ಆಸುಪಾಸಿಗೆ ಜಿಗಿಯುತ್ತದೆ, ಆ ಶಾಖ ಸಿರಿಂಜಿನ ಗೋಡೆಗೆ ಹರಿದಂತೆ ಮತ್ತೆ 193ಕ್ಕೆ ಇಳಿಯುತ್ತದೆ. ಹಾಗಾಗಿ ಈಗ ಪ್ರತಿ ಸಲವೂ ಅರ್ಧ ನಿಮಿಷ ಕಾದು ಬರೆದುಕೊಳ್ಳುತ್ತಿದ್ದೇನೆ.