ಸೋಲಾ ಖಂಬದಲ್ಲಿ ತುದಿಯ ಕಂಬಗಳು ದಪ್ಪ ಬರುತ್ತವೆ, ಯಾಕೆ?

ಅಪ್ಪನಕೆರೆ ಹುಡುಗಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ವಿಭಾಗದ ವರಾಂಡದ ಗೋಡೆಗೆ ಬರೀ ಕಂಬಗಳ ಫೋಟೊ ಹಾಕಬೇಕು ಅಂತ ಹೊರಟಿದ್ದೇನೆ. ಮೇಲಿನ ಸಾಲಿನಲ್ಲಿ ಗ್ರೀಸ್, ಈಜಿಪ್ಟ್, ಸ್ಪೇನ್ ಕಂಬಗಳು. ಕೆಳಗಿನ ಸಾಲಿನಲ್ಲಿ ನಮ್ಮವು. ಹೊರದೇಶದ ಫೋಟೊಗಳನ್ನು ಯಾರು ಬೇಕಾದರೂ ಬಳಸಬಹುದಾದ ಸಂಗ್ರಹದಿಂದ ತೆಗೆದುಕೊಳ್ಳುತ್ತೇನೆ. ನಮ್ಮ ಕಂಬಗಳನ್ನು ನಾನೇ ಫೋನಿನಲ್ಲಿ ತೆಗೆಯುತ್ತಿದ್ದೇನೆ.

ಕಲಬುರಗಿ ಕೋಟೆಯ ಜಾಮಿ ಮಸೀದಿ ಆಯಿತು. ಬೀದರ್ ಕೋಟೆಯೊಳಗಿನ ಸೋಲಾ ಖಂಬ ಮಸೀದಿಗೂ ಹೋಗಿಬಂದೆ. ತೊಂದರೆ ಇರುವುದು ಅಲ್ಲಿಯ ಫೋಟೊಗಳಲ್ಲಿ. ಕಂಬದ ಸಾಲಿಗೆ ನೇರ ಎದುರು ನಿಂತು ಫೋನಿನ ಝೂಮ್ 0.5ಕ್ಕೆ, ಅಂದರೆ ಅತಿ ಅಗಲ ಕಾಣುವ ಹಾಗೆ, ಇಟ್ಟು ತೆಗೆದಿದ್ದೇನೆ. ನಡುವಿನ ಕಂಬ ಚೆನ್ನಾಗಿದೆ. ಎಡಬಲದ ತುದಿಯ ಕಂಬಗಳು ಮಾತ್ರ ಊದಿಕೊಂಡ ಹಾಗೆ ಕಾಣುತ್ತವೆ. ಅಲ್ಲಿ ನಿಂತು ಕಣ್ಣಲ್ಲಿ ನೋಡಿದರೆ ಎಲ್ಲವೂ ಒಂದೇ ದಪ್ಪ. ಅದೇ ಫೋನು ಜಾಮಿ ಮಸೀದಿಯಲ್ಲಿ ಹೀಗೆ ಮಾಡಲಿಲ್ಲ. ಅಲ್ಲೂ ಸಾಲು ಕಂಬಗಳೇ ಅಲ್ವಾ?

ಇನ್ನೊಂದು ಪ್ರಶ್ನೆ. ಫೋನು ಮೇಲಕ್ಕೆತ್ತಿ ತೆಗೆದಾಗ ಕಂಬಗಳು ಒಂದರ ಕಡೆ ಒಂದು ವಾಲುತ್ತವೆ. ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ನೆಟ್ಟಗಾಗುತ್ತವೆ. ಹಾಗೆ ಮಾಡಬಹುದಾ? ನಮ್ಮ ಕಂಬಗಳು ಗ್ರೀಸಿನ ಪಾರ್ಥೆನಾನ್ ಗುಡಿಯ ಕಂಬಗಳ ಪಕ್ಕದಲ್ಲಿ ಕೂರುವಾಗ ಅವುಗಳಿಗೆ ಅನ್ಯಾಯ ಆಗಬಾರದು ಅನ್ನುವುದಷ್ಟೇ ನನ್ನ ಆಸೆ.

ಶಹಾಬಾದ್ ಸ್ಟುಡಿಯೋ

ಅಕ್ಕಾ, 0.5 ಲೆನ್ಸ್‌ನಿಂದಲೇ ಹೀಗಾಗುವುದು. ಮದುವೆ ಗ್ರೂಪ್ ಫೋಟೊದಲ್ಲೂ ತುದಿಗೆ ನಿಂತವರು ದಪ್ಪ ಬರುತ್ತಾರೆ, ಆಮೇಲೆ ಫೋನ್ ಮಾಡಿ ಬೇಜಾರು ಹೇಳುತ್ತಾರೆ. 1ಕ್ಕೆ ಇಡಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ. ವಾಲುವುದಕ್ಕೆ ಶಿಫ್ಟ್ ಲೆನ್ಸ್ ಅಂತ ಬೇರೆಯೇ ಇದೆ, ಕಟ್ಟಡ ತೆಗೆಯುವವರು ಬಳಸುತ್ತಾರೆ. ಹೈದರಾಬಾದಿನಲ್ಲಿ ಬಾಡಿಗೆಗೆ ಸಿಗಬಹುದು. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ.

ನಕಾಶೆ ಕಾಕಾ (ಬೀದರ್)

ತಂಗಿ, ನಾನು ಸರ್ವಿಸ್ ಪೂರ್ತಿ ಕಟ್ಟಡಗಳ ನಕಾಶೆ ಬರೆದವನು. ಈಗ ನಿವೃತ್ತಿ. ದಿನಾ ಬೆಳಿಗ್ಗೆ ಕೋಟೆಯಲ್ಲೇ ವಾಕಿಂಗ್. ಸೋಲಾ ಖಂಬದ ಆ ಕಂಬಗಳ ಬಗ್ಗೆ ಇಷ್ಟು ಕಾಳಜಿಯಿಂದ ಕೇಳಿದ್ದೀಯಲ್ಲ, ಬಹಳ ಖುಷಿಯಾಯಿತು. ಹೆಚ್ಚಿನವರು ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್ ಕೇಳಿಕೊಂಡು ಬರುತ್ತಾರೆ, ಈ ಮಸೀದಿಯ ಮುಂದೆ ಹಾಗೇ ಹಾದು ಹೋಗುತ್ತಾರೆ. ಅದು 1423-24ರದು. ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಕಾಲದ ಆಸುಪಾಸಿನ ಕಟ್ಟಡ.

ಸ್ಟುಡಿಯೋ ತಮ್ಮ ಹೇಳಿದ ಉಪಾಯ ಸರಿ, ಕಾರಣ ಸರಿಯಲ್ಲ. ಇದು ಲೆನ್ಸಿನ ದೋಷ ಅಲ್ಲ. ಲಕ್ಷ ರೂಪಾಯಿಯ ಲೆನ್ಸ್ ಹಾಕಿದರೂ, ಶಿಫ್ಟ್ ಲೆನ್ಸ್ ಹಾಕಿದರೂ, ಅಷ್ಟೇ ಅಗಲ ನೋಡಿದರೆ ಅಷ್ಟೇ ಊದುತ್ತದೆ. ಸ್ಕೇಲು, ಪೆನ್ಸಿಲ್ ಹಿಡಿದು ನಾನು ಕಾಗದದ ಮೇಲೆ ಬರೆದರೂ ಹೀಗೇ ಬರುತ್ತದೆ.

ಹೇಗೆ ಅಂದರೆ, ಫೋಟೊ ಒಂದು ಚಪ್ಪಟೆ ಹಾಳೆ. ನಡುವಿನ ಕಂಬದಿಂದ ಬರುವ ಬೆಳಕು ಹಾಳೆಗೆ ನೇರವಾಗಿ ಬೀಳುತ್ತದೆ. ತುದಿಯ ಕಂಬದ್ದು ಓರೆಯಾಗಿ ಬೀಳುತ್ತದೆ. ಸಂಜೆ ಬಿಸಿಲಿಗೆ ನೆರಳು ಹೇಗೆ ಉದ್ದವಾಗುತ್ತದೋ ಹಾಗೆ ಅದು ಹಾಳೆಯ ಮೇಲೆ ಅಡ್ಡಕ್ಕೆ ಎಳೆದುಕೊಳ್ಳುತ್ತದೆ. ತುದಿಯ ಕಂಬ ನಿನ್ನಿಂದ ದೂರ ಇದೆ, ಹಾಗಾಗಿ ಸ್ವಲ್ಪ ಸಣ್ಣ ಆಗಬೇಕು, ನಿಜ. ಆದರೆ ಆ ಇಳಿಕೆಗಿಂತ ಈ ಎಳೆತವೇ ಜಾಸ್ತಿ. ಲೆಕ್ಕ ಹಾಕಿ ಹೇಳುತ್ತೇನೆ. ಫೋನನ್ನು ಅಡ್ಡ ಹಿಡಿದು 0.5ರಲ್ಲಿ ತೆಗೆದರೆ ಚೌಕಟ್ಟಿನ ಅಂಚಿಗೆ ಇರುವ ದುಂಡು ಕಂಬ ನಡುವಿನದಕ್ಕಿಂತ ಸುಮಾರು 1.6 ಪಟ್ಟು ದಪ್ಪ ಬರುತ್ತದೆ. 1ರಲ್ಲಿ ಕಾಲು ಪಾಲಿನಷ್ಟು ಜಾಸ್ತಿ. 2ರಲ್ಲಿ ನೂರಕ್ಕೆ ಆರರಷ್ಟು, ಅದು ಕಣ್ಣಿಗೆ ಗೊತ್ತಾಗುವುದಿಲ್ಲ.

ಕ್ಯಾಮೆರಾ ಹುಟ್ಟುವ ಮೊದಲೇ ಇದು ಚಿತ್ರಕಾರರನ್ನು ಕಾಡಿತ್ತು. 15ನೇ ಶತಮಾನದ ಇಟಲಿಯಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಅನ್ನುವ ಚಿತ್ರಕಾರ ಇದೇ ಕಂಬದ ಸಾಲನ್ನು ತೆಗೆದುಕೊಂಡು ರೇಖೆ ಎಳೆದು ವಿವರಿಸಿದ್ದಾನೆ. ಹೆಚ್ಚುಕಡಿಮೆ ನಮ್ಮ ಮಸೀದಿ ಎದ್ದು ನಿಂತ ಶತಮಾನವೇ.

ಇನ್ನು ಜಾಮಿ ಮಸೀದಿ. ಅಲ್ಲಿಯ ಕಂಬಗಳು ಚೌಕ. ಚೌಕ ಕಂಬದ ಎದುರು ಮುಖ ನಿನ್ನ ಫೋನಿಗೆ ಸಮಾನಾಂತರವಾಗಿ ನಿಂತಿದೆ. ಸಾಲಿನಲ್ಲಿ ಅದು ಎಲ್ಲೇ ಇದ್ದರೂ ಆ ಮುಖ ಒಂದೇ ಅಗಲಕ್ಕೆ ಬರುತ್ತದೆ. ತುದಿಗೆ ಹೋದ ಹಾಗೆ ಪಕ್ಕದ ಮುಖವೂ ಕಾಣತೊಡಗುತ್ತದೆ, ಅದೂ ಎಳೆದುಕೊಂಡೇ ಇರುತ್ತದೆ. ಆದರೆ ಎರಡರ ನಡುವೆ ಮೂಲೆಯ ಗೆರೆ ಇದೆಯಲ್ಲ? ಕಣ್ಣು ಅದನ್ನು ಬೇರೆ ಮುಖ ಅಂತ ಓದಿಕೊಂಡು ಸಮಾಧಾನ ಆಗುತ್ತದೆ. ದುಂಡು ಕಂಬಕ್ಕೆ ಮೂಲೆ ಇಲ್ಲ. ಬಂದ ಅಗಲವೆಲ್ಲ ದಪ್ಪ ಅಂತಲೇ ಕಾಣುತ್ತದೆ. ಒಂದೇ ಫೋನು ಎರಡು ಊರಲ್ಲಿ ಬೇರೆ ಬೇರೆ ಥರ ತೋರಿಸಿದ್ದು ಇದಕ್ಕೇ.

ಸೋಲಾ ಖಂಬದಲ್ಲಿ ಸಾಲಿಗೆ ಎದುರು ನಿಲ್ಲುವುದು ಬಿಡು. ಸಾಲಿನ ಒಂದು ತುದಿಗೆ ಹೋಗಿ ಉದ್ದಕ್ಕೆ ನೋಡು. ಆ ಹಾಲ್ ಪಕ್ಕದಿಂದ ಪಕ್ಕಕ್ಕೆ ಬಹಳ ಉದ್ದ ಇದೆ. ಕಂಬಗಳು ಒಂದರ ಹಿಂದೆ ಒಂದು ಸಣ್ಣ ಆಗುತ್ತಾ ಹೋಗುತ್ತವೆ. ಅಂಚಿಗೆ ಬರುವುದು ಹತ್ತಿರದ ಒಂದೋ ಎರಡೋ ಮಾತ್ರ. ಬೇಡವಾದರೆ ಅದನ್ನೂ ಹೊರಗಿಡಬಹುದು.

ಸುರಪುರದವ (ಈಗ ಸ್ಪೇನ್)

ನಮ್ಮ ಕಡೆಯ ವಿಷಯ ನೋಡಿ ಬರೆಯದೇ ಇರಲು ಆಗಲಿಲ್ಲ. ಕಲಬುರಗಿಯ ಜಾಮಿ ಮಸೀದಿ ಸ್ಪೇನಿನ ಕೊರ್ದೊಬಾದ ಮಸೀದಿಯ ನಕಲು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಈಗ ಎರಡನ್ನೂ ಕಣ್ಣಾರೆ ನೋಡಿದ್ದೇನೆ. ನಕಲು ಅನ್ನಬೇಡಿ ಅಂತ ನನ್ನ ಕಳಕಳಿಯ ಮನವಿ.

ಕೊರ್ದೊಬಾದಲ್ಲಿ 8ನೇ ಶತಮಾನದ ಕೊನೆಗೆ ಕಟ್ಟಲು ಶುರು ಮಾಡಿದಾಗ ಹಳೆಯ ರೋಮನ್, ವಿಸಿಗಾಥ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಒಂದು ನೀಲಿ ಛಾಯೆ, ಒಂದು ಗುಲಾಬಿ, ಒಂದು ಉದ್ದ, ಒಂದು ಗಿಡ್ಡ. ಕಂಬಗಳು ಸಪೂರ. ಅಷ್ಟು ದೊಡ್ಡ ಹಾಲಿಗೆ ಆ ಎತ್ತರ ಸಾಲಲಿಲ್ಲ. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿ ಚಾವಣಿ ಮೇಲೇರಿಸಿದರು. ಕೆಂಪು ಬಿಳಿ ಪಟ್ಟೆಯ ಆ ಕಮಾನುಗಳು ಹುಟ್ಟಿದ್ದು ಹೀಗೆ. ಈಗ 856 ಕಂಬ ಉಳಿದಿವೆ. ಫೋಟೊ ತೆಗೆಯುವವರ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ನಮ್ಮಲ್ಲಿ ಹಾಗಿಲ್ಲ. ನಮ್ಮದು 1367ರದು. ಕಂಬಗಳು ಗಟ್ಟಿ, ಗಿಡ್ಡ. ಪಕ್ಕದ ಓಣಿಗಳಲ್ಲಿ ಕಮಾನುಗಳು ನೆಲಕ್ಕೆ ಎಷ್ಟು ಹತ್ತಿರದಿಂದ ಏಳುತ್ತವೆ ಅಂದರೆ ಕಂಬಕ್ಕಿಂತ ಕಮಾನೇ ಜಾಸ್ತಿ. ಕೊರ್ದೊಬಾದಲ್ಲಿ ಹೊರಗೆ ಕಿತ್ತಳೆ ಗಿಡಗಳ ದೊಡ್ಡ ಅಂಗಳ ಇದೆ. ನಮ್ಮಲ್ಲಿ ಅಂಗಳವೇ ಇಲ್ಲ, ಪೂರ್ತಿ ಚಾವಣಿ. 216 ಅಡಿ ಉದ್ದ, 176 ಅಡಿ ಅಗಲದ ಕಟ್ಟಡಕ್ಕೆ ಬೆಳಕು ಬರುವುದು ಹೆಚ್ಚಾಗಿ ಪಕ್ಕಗಳಿಂದ. ಹಾಗಾಗಿ ಅಲ್ಲಿ ಫೋನು ಸೊಂಟದ ಎತ್ತರಕ್ಕೆ ಇಳಿಸಿ ತೆಗೆಯಿರಿ. ಕಮಾನು ಏಳುವ ಜಾಗ ಕಣ್ಣೆದುರಿಗೇ ಬರುತ್ತದೆ.

ಇನ್ನೊಂದು ಮಾತು. ರೋಮಿನ ಸಂತ ಪೀಟರ್ ಚೌಕದಲ್ಲಿ ಬರ್ನಿನಿ 284 ಕಂಬಗಳನ್ನು ನಾಲ್ಕು ಸಾಲು ಆಳಕ್ಕೆ ಬಾಗಿಸಿ ನಿಲ್ಲಿಸಿದ್ದಾನೆ. ನೆಲದಲ್ಲಿ ಎರಡೂ ಬದಿಗೆ ಒಂದೊಂದು ದುಂಡು ಕಲ್ಲು ಇದೆ. ಒಂದರ ಮೇಲೆ ನಿಂತರೆ ಆ ಬದಿಯ ಹಿಂದಿನ ಮೂರು ಸಾಲು ಮುಂದಿನ ಸಾಲಿನ ಮರೆಗೆ ಸರಿದು ಒಂದೇ ಸಾಲು ಕಾಣುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಕಾಡಿನಂತೆ ಬಿಚ್ಚಿಕೊಳ್ಳುತ್ತದೆ. ಜಾಮಿ ಮಸೀದಿಯಲ್ಲೂ ಅಂಥ ಜಾಗಗಳಿವೆ, ಗುರುತಿನ ಕಲ್ಲು ಮಾತ್ರ ಇಲ್ಲ. ಅರ್ಧ ಹೆಜ್ಜೆ ಅತ್ತ ಇತ್ತ ಸರಿದು ಹುಡುಕಬೇಕು. ಹಿಂದಿನ ಸಾಲು ಪೂರ್ತಿ ಮರೆಯಾಗಬೇಕು, ಇಲ್ಲಾ ಪೂರ್ತಿ ಬಿಡಿಸಿ ಕಾಣಬೇಕು. ನಡುವಿನದ್ದು ಗಲಿಬಿಲಿ.

ಅಪ್ಪನಕೆರೆ ಹುಡುಗಿ

ಕಾಕಾ, ಅಣ್ಣಾ, ತುಂಬಾ ಥ್ಯಾಂಕ್ಸ್. ಚೌಕ ಕಂಬ, ದುಂಡು ಕಂಬದ ವಿಷಯ ಓದಿ ನನ್ನ ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದೆ. ಜಾಮಿ ಮಸೀದಿಯ ತುದಿಯ ಕಂಬಗಳ ಪಕ್ಕದ ಮುಖ ನಿಜವಾಗಿಯೂ ಎಳೆದುಕೊಂಡಿದೆ, ಗಮನಿಸಿಯೇ ಇರಲಿಲ್ಲ.

ಆದರೆ ಗೋಡೆಗೆ ನನಗೆ ಎದುರಿನಿಂದ ನೋಡಿದ ಸಾಲೂ ಬೇಕು ಕಾಕಾ. 2ರಲ್ಲಿ ಮೂರು ಫೋಟೊ ತೆಗೆದು ಜೋಡಿಸಿದರೆ? ಪನೋರಮಾ ಆದೀತಾ?

ಶಹಾಬಾದ್ ಸ್ಟುಡಿಯೋ

ಕಾಕಾ ಹೇಳಿದ್ದು ಒಪ್ಪಿದೆ. ಗ್ರೂಪ್ ಫೋಟೊಗೂ ಈ ಲೆಕ್ಕ ಬೇಕಿತ್ತು.

ಬೆಳಕಿನ ಬಗ್ಗೆ ನಾನು ಹೇಳುತ್ತೇನೆ, ಇದು ನನ್ನ ಕೆಲಸ. ಮೇ ತಿಂಗಳಲ್ಲಿ ಹೋಗಬೇಡಿ ಅಕ್ಕಾ. ಸೆಕೆಯ ಮಾತು ಹಾಗಿರಲಿ, ನಮ್ಮ ಕಡೆ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಆ ಹೊತ್ತಿಗೆ ಮಸೀದಿಯ ಒಳಗೆ ನೇರ ಬಿಸಿಲು ನುಗ್ಗುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಸೂರ್ಯ ಆಗ್ನೇಯದಿಂದ ತಗ್ಗಾಗಿ ಬರುತ್ತಾನೆ. ಕಂಬಕ್ಕೆ ಒಂದು ಪಕ್ಕದಿಂದ ಬೆಳಕು ಬಿದ್ದಾಗಲೇ ದುಂಡು ದುಂಡಾಗಿ ಕಾಣುವುದು.

ಫೋನು ತಾನಾಗಿ ನೆರಳನ್ನೆಲ್ಲ ಬೆಳಗಿಸಲು ನೋಡುತ್ತದೆ. ಬಿಡಬೇಡಿ. ಹೊರಗಿನ ಬೆಳಕಿನ ಮೇಲೆ ಬೆರಳೊತ್ತಿ ಹಿಡಿದು, ಎಕ್ಸ್‌ಪೋಶರ್ ಇನ್ನೂ ಸ್ವಲ್ಪ ಕೆಳಗೆ ಎಳೆಯಿರಿ. ಕಂಬದ ಒಂದು ಮಗ್ಗುಲು ಕಪ್ಪಾಗಲಿ. ಈಜಿಪ್ಟಿನ ಕಾರ್ನಾಕ್ ಗುಡಿಯ ಕಂಬಗಳ ಹಾಲಿನ ಒಳ್ಳೆಯ ಫೋಟೊಗಳನ್ನು ಗಮನಿಸಿ. 134 ಕಂಬಗಳು, ನಡುವಿನ 12 ಸುಮಾರು 21 ಮೀಟರ್ ಎತ್ತರ. ಚಾವಣಿ ಇದ್ದಾಗ ನಡುಸಾಲಿನ ಮೇಲಿನ ಕಲ್ಲಿನ ಜಾಲಂಧ್ರಗಳಿಂದಷ್ಟೇ ಬೆಳಕು ಬರುತ್ತಿತ್ತು. ಪಕ್ಕದ ಕಂಬಗಳು ಕತ್ತಲಲ್ಲಿ ಇರಲಿ ಅಂತಲೇ ಕಟ್ಟಿದ ಹಾಗಿದೆ.

ಚಾಲುಕ್ಯರ ಕಂಬ ಬಿಟ್ಟರೆ ನಿಮ್ಮ ಸಾಲು ಪೂರ್ತಿ ಆಗುವುದಿಲ್ಲ. ಕಾಳಗಿ, ಬಸವಕಲ್ಯಾಣದ ಹತ್ತಿರದ ನಾರಾಯಣಪುರ, ಹುಮನಾಬಾದ್ ಕಡೆಯ ಜಲಸಂಗಿ, ಮೂರೂ ನಮಗೆ ಹತ್ತಿರ. ಜಲಸಂಗಿಗೆ ಹೋದವರು ಹೊರಗೋಡೆಯಲ್ಲಿ ಶಾಸನ ಬರೆಯುವ ಶಿಲಾಬಾಲಿಕೆಯನ್ನು ನೋಡಿ ವಾಪಸ್ ಬರುತ್ತಾರೆ, ಒಳಗೂ ಹೋಗಿ. ತಿರುಗಿಸಿ ಕಡೆದ ನುಣುಪು ಕಂಬ ತೆಗೆಯುವಾಗ ಫ್ಲ್ಯಾಶ್ ಹಾಕಲೇಬೇಡಿ. ಬಳೆಯಂಥ ಆ ಅಂಚುಗಳೆಲ್ಲ ಅಳಿಸಿಹೋಗುತ್ತವೆ. ಬಾಗಿಲ ಬೆಳಕು ಸಾಕು. ಆಗುವುದಾದರೆ ಕೊಪ್ಪಳ ಜಿಲ್ಲೆಯ ಇಟಗಿಗೂ ಹೋಗಿ ಬನ್ನಿ, 1112ರ ಮಹಾದೇವ ಗುಡಿ. ಅಂಥ ಕಂಬ ಎದುರಿಗೆ ಇದ್ದರೆ ಫೋನು ತೆಗೆಯುವುದೇ ಮರೆತುಹೋಗುತ್ತದೆ.

ನಕಾಶೆ ಕಾಕಾ (ಬೀದರ್)

ಮೊದಲು ವಾಲುವ ವಿಷಯ ಮುಗಿಸುತ್ತೇನೆ. ಫೋನು ಮೇಲಕ್ಕೆ ಎತ್ತಬೇಡ. ನೆಟ್ಟಗೆ ಹಿಡಿ, ದೂರ ಹೋಗು, ಕೆಳಗಿನ ನೆಲ ಜಾಸ್ತಿ ಬಂದರೆ ಆಮೇಲೆ ಕತ್ತರಿಸು. ಹಿಂದೆ ಹೋಗಲು ಜಾಗ ಇಲ್ಲದಿದ್ದರೆ ಆ್ಯಪ್‌ನಲ್ಲಿ ನೆಟ್ಟಗೆ ಮಾಡಿಕೋ, ನಮ್ಮ ಕಂಬಗಳಿಗೆ ಅದರಿಂದ ಹಾನಿ ಇಲ್ಲ. ಪಾರ್ಥೆನಾನ್ ಫೋಟೊವನ್ನು ಮಾತ್ರ ಮುಟ್ಟಬೇಡ. ಅದರ ಹೊರಸಾಲಿನ ಕಂಬಗಳು ನಿಜವಾಗಿಯೂ ಒಳಕ್ಕೆ ಸ್ವಲ್ಪ ವಾಲಿವೆ. ನಡುವೆ ತುಸು ಉಬ್ಬಿವೆ. ಮೂಲೆಯ ಕಂಬಗಳು ಉಳಿದವಕ್ಕಿಂತ ದಪ್ಪ. ಆಕಾಶದ ಬೆಳಕಿನ ಎದುರು ಮೂಲೆಯ ಕಂಬ ಸಣಕಲು ಕಾಣಬಾರದು ಅಂತ ಹಾಗೆ ಮಾಡಿದರು ಅನ್ನುವುದು ಹಳೆಯ ವಿವರಣೆ. ಅಲ್ಲಿ ಬಟನ್ ಒತ್ತಿದರೆ ಕಟ್ಟಿದವರ ಕೆಲಸವನ್ನೇ ಅಳಿಸಿದ ಹಾಗೆ.

ಈಗ ಜೋಡಿಸುವುದು. ಮೂರು ಫೋಟೊಗಳನ್ನು ಚಪ್ಪಟೆಯಾಗಿ ಜೋಡಿಸಿದರೆ ಊತ ವಾಪಸ್ ಬರುತ್ತದೆ. ನೋಡುವ ಕೋನ ಮತ್ತೆ ಅಷ್ಟೇ ಅಗಲ ಆಯಿತಲ್ಲ. ಪನೋರಮಾದಲ್ಲಿ ಊತ ಹೋಗುತ್ತದೆ, ಆದರೆ ಕಂಬಗಳ ಮೇಲೆ ನೇರವಾಗಿ ಹೋಗುವ ಗೆರೆ ಬಿಲ್ಲಿನಂತೆ ಬಾಗುತ್ತದೆ. ಎರಡೂ ಸರಿಯಿರುವ ದಾರಿ ಇಲ್ಲ.

ನಿನಗೆ ನಾನು ಕೇಳುವುದು ಬೇರೆ. ಪ್ರಿಂಟ್ ಎಷ್ಟು ಅಗಲ? ನೋಡುವವರು ಎಷ್ಟು ದೂರ ನಿಲ್ಲುತ್ತಾರೆ? ಯಾಕೆಂದರೆ ಸರಿಯಾದ ದೂರದಿಂದ ನೋಡಿದರೆ 0.5ರ ಫೋಟೊದಲ್ಲೂ ಊತ ಕಾಣುವುದಿಲ್ಲ. ನೋಡುವ ಕಣ್ಣೂ ಅಷ್ಟೇ ಓರೆಯಾಗಿ ತುದಿಯನ್ನು ನೋಡುತ್ತದೆ, ಎಳೆದದ್ದು ಮತ್ತೆ ಕುಗ್ಗುತ್ತದೆ.

ಅಪ್ಪನಕೆರೆ ಹುಡುಗಿ

ಪ್ರಿಂಟ್ 3 ಅಡಿ ಅಗಲ ಕಾಕಾ. ವರಾಂಡ ಸಣ್ಣದು. ಜನ ನಾಲ್ಕು ಅಡಿ ದೂರ ನಿಲ್ಲಬಹುದು, ಅದಕ್ಕಿಂತ ಹಿಂದೆ ಹೋದರೆ ಎದುರಿನ ಕಟ್ಟೆ ತಾಗುತ್ತದೆ.

ನಕಾಶೆ ಕಾಕಾ (ಬೀದರ್)

ಹಾಗಾದರೆ ಉತ್ತರ ಸಿಕ್ಕಿತು. 3 ಅಡಿ ಅಗಲಕ್ಕೆ ದೊಡ್ಡದು ಮಾಡಿದ 0.5ರ ಫೋಟೊವನ್ನು ಒಂದು ಅಡಿಗಿಂತ ಸ್ವಲ್ಪ ದೂರದಲ್ಲಿ ಮೂಗಿಟ್ಟು ನೋಡಬೇಕು, ಆಗಷ್ಟೇ ಸರಿ ಕಾಣುತ್ತದೆ. 1ರದ್ದನ್ನು ಎರಡು ಅಡಿಯಿಂದ. 2ರದ್ದನ್ನು ನಾಲ್ಕು ಅಡಿಯಿಂದ. ನಿನ್ನ ವರಾಂಡಕ್ಕೆ 2ರದ್ದೇ. ಎದುರಿನ ಸಾಲಿನಲ್ಲಿ ಎಷ್ಟು ಕಂಬ ಹಿಡಿಯುತ್ತವೋ ಅಷ್ಟೇ ಸಾಕು, ಮೂರೇ ಬಂದರೂ ಬೇಸರ ಬೇಡ. ಮೂರು ಕಂಬ ಅವುಗಳ ಅಳತೆಯಲ್ಲೇ ನಿಂತಿರುತ್ತವೆ. ಮೇಲಿನ ಸಾಲಿನ ಹೊರದೇಶದ ಫೋಟೊ ಆರಿಸುವಾಗಲೂ ದೂರದಿಂದ ತೆಗೆದವನ್ನೇ ಆರಿಸಿಕೋ.

ಬೀದರಿಗೆ ಮತ್ತೆ ಬರುವ ಮುಂಚೆ ಇಲ್ಲೇ ಬರಿ. ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನೂ ನಿನ್ನ ಗೋಡೆಗೆ ಸೇರಿಸಬೇಕು. ಅದಕ್ಕೆ ಬೀಗ ಹಾಕಿರುತ್ತಾರೆ, ಕೋಟೆಯೊಳಗಿನ ಇಲಾಖೆಯ ಸಿಬ್ಬಂದಿಯನ್ನು ಕೇಳಿ ತೆಗೆಸಬೇಕು. ನಾನೂ ಜೊತೆಗೆ ಬರುತ್ತೇನೆ. ಅಳತೆ ಟೇಪು ತರುತ್ತೇನೆ, ಎಷ್ಟು ಅಡಿ ಹಿಂದೆ ನಿಲ್ಲಬೇಕು ಅಂತ ಅಲ್ಲೇ ಲೆಕ್ಕ ಹಾಕೋಣ.