ಮಗ್ ಮೇಲೆ ಸಮುದ್ರಯುದ್ಧದ ಚಿತ್ರ ಹಾಕಿಸಿದವರು ನಿಮ್ಮ ಅನುಭವ ಹೇಳಿ

ಹುಬ್ಬಳ್ಳಿಯಿಂದ ಪ್ರಶ್ನೆ:

ನಮ್ಮ ಕಾಕಾ ನೌಕಾಪಡೆಯಿಂದ ನಿವೃತ್ತರಾಗಿ ಕಾರವಾರದಲ್ಲೇ ಮನೆ ಮಾಡಿದ್ದಾರೆ. ಹಳೆಯ ಹಾಯಿಹಡಗು ಅಂದರೆ ಅವರಿಗೆ ಪ್ರಾಣ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಬರೆದ ಟ್ರಫಾಲ್ಗರ್ ಸಮುದ್ರಕದನದ ಚಿತ್ರವನ್ನು ಪಿಂಗಾಣಿ ಮಗ್ ಮೇಲೆ ಹಾಕಿಸಿ ಕೊಡಬೇಕು ಅಂತ ಆಸೆ. ಹಿಂದೆ ಒಮ್ಮೆ ಮನೆಯವರ ಫೋಟೋ ಹಾಕಿಸಿದ್ದ ಮಗ್ ಆರೇ ತಿಂಗಳಿಗೆ ಮಸುಕಾಯಿತು. ಈ ಸಲ ಹಾಗಾಗಬಾರದು. ಏನು ನೋಡಿಕೊಳ್ಳಬೇಕು?

ಧಾರವಾಡದಿಂದ:

ಇದೇ ಚಿತ್ರವನ್ನು ನಾನು ಎರಡು ಸಲ ಮಾಡಿಸಿದ್ದೇನೆ. ಮೊದಲನೆಯದು ಕೆಟ್ಟಿತು. ಎರಡನೆಯದರಲ್ಲಿ ಇವತ್ತು ಬೆಳಿಗ್ಗೆ ಕೂಡ ಚಹಾ ಕುಡಿದೆ.

ಮೊದಲು ಅಳತೆ ನೋಡಿ. ಮೂಲ ಚಿತ್ರ ಗೋಡೆ ತುಂಬುವಷ್ಟು ದೊಡ್ಡದು, ಸುಮಾರು 368 ಸೆಂ.ಮೀ. ಅಗಲ, 261 ಸೆಂ.ಮೀ. ಎತ್ತರ. ಸಾಮಾನ್ಯ ಮಗ್ ಮೇಲೆ ಪ್ರಿಂಟ್ ಬರುವ ಜಾಗ ಅಂದಾಜು 20 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ. ಎರಡೂ ಹೊಂದುವುದಿಲ್ಲ. ಅಂಗಡಿಯವರು ಮಗ್ ಸುತ್ತ ಪೂರ್ತಿ ಬರಲಿ ಅಂತ ಚಿತ್ರವನ್ನು ಎಳೆದು ಹಿಗ್ಗಿಸಿದರು. ಹಡಗುಗಳು ಚಪ್ಪಟೆಯಾದವು. ಬೇಡ, ಕತ್ತರಿಸಿ ಹಾಕಿ ಅಂದೆ. ಆಗ ಹಾಯಿಕಂಬಗಳ ತುದಿಯೇ ಹೋಯಿತು.

ಹಾಯಿಹಡಗಿನ ಯುದ್ಧದ ಚಿತ್ರದಲ್ಲಿ ಎತ್ತರವೇ ಜೀವ. ಈ ಚಿತ್ರದಲ್ಲಿ ಮೇಲೆ ಬ್ರಿಟನ್ನಿನ ನೌಕಾಪಡೆಯ ನಾಯಕ ನೆಲ್ಸನ್ ಇದ್ದ ವಿಕ್ಟರಿ ಹಡಗಿನ ಹಾಯಿಗಳು, ಸಂಕೇತದ ಬಾವುಟಗಳು, ಮುರಿದು ಬೀಳುತ್ತಿರುವ ಕಂಬ. ಕೆಳಗೆ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡ ನಾವಿಕರು. ಮೇಲಿನದು ಬಿಟ್ಟರೆ ಹಡಗಿಲ್ಲ, ಕೆಳಗಿನದು ಬಿಟ್ಟರೆ ಮನುಷ್ಯರಿಲ್ಲ. ಅದಕ್ಕೇ ಎರಡನೇ ಸಲ ಮಗ್ ಸುತ್ತ ಹಾಕಿಸುವ ಆಸೆ ಬಿಟ್ಟೆ. 9 ಸೆಂ.ಮೀ. ಎತ್ತರಕ್ಕೆ ಸುಮಾರು 12.7 ಸೆಂ.ಮೀ. ಅಗಲ ಬರುತ್ತದೆ. ಚಿತ್ರ ಪೂರ್ತಿ ಹಿಡಿಸಿತು. ಉಳಿದ ಜಾಗ ಬಿಳಿ ಬಿಟ್ಟೆ. ಫೈಲ್ ಅಗಲದಲ್ಲಿ ಕನಿಷ್ಠ 1,500 ಪಿಕ್ಸೆಲ್ ಇರಲಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಕೊಡಬೇಡಿ, ಹಗ್ಗಗಳೆಲ್ಲ ಕಲಸಿಹೋಗುತ್ತವೆ.

ಕಾಕಾ ಬಲಗೈಯಲ್ಲಿ ಕಪ್ ಹಿಡಿಯುತ್ತಾರಾ, ಎಡಗೈಯಲ್ಲಾ? ಕೇಳಿಕೊಳ್ಳಿ. ಬಲಗೈಯವರಾದರೆ ಹಿಡಿ ಬಲಕ್ಕಿದ್ದಾಗ ಎದುರಿಗೆ ಬರುವ ಬದಿಯಲ್ಲಿ ಚಿತ್ರ ಇರಬೇಕು. ಇಲ್ಲದಿದ್ದರೆ ಎದುರಿಗೆ ಕೂತವರು ಮಾತ್ರ ನೋಡುತ್ತಾರೆ.

ಜೊತೆಗೆ ಒಂದು ಚೀಟಿ ಬರೆದಿಡಿ. 1805ರ ಅಕ್ಟೋಬರ್ 21, ಸ್ಪೇನ್ ಕರಾವಳಿಯ ಹತ್ತಿರ. ಬ್ರಿಟನ್ನಿನ 27 ಯುದ್ಧನೌಕೆ, ಎದುರಿಗೆ ಫ್ರಾನ್ಸ್ ಮತ್ತು ಸ್ಪೇನಿನ 33. ಗೆದ್ದ ನೆಲ್ಸನ್ ಅದೇ ದಿನ ಗುಂಡೇಟಿನಿಂದ ಸತ್ತ. ಟರ್ನರ್ ಚಿತ್ರ ಮುಗಿಸಿದ್ದು 1824ರಲ್ಲಿ. ಬೇರೆ ಬೇರೆ ಹೊತ್ತಿನಲ್ಲಿ ನಡೆದದ್ದನ್ನು ಒಂದೇ ಚಿತ್ರದಲ್ಲಿ ಸೇರಿಸಿದ್ದಕ್ಕೆ ನೌಕಾಪಡೆಯವರು ಆಗಲೇ ತಕರಾರು ಮಾಡಿದ್ದರು. ನಿಮ್ಮ ಕಾಕಾ ಕೂಡ ಆ ತಪ್ಪುಗಳನ್ನು ಹುಡುಕುತ್ತಾ ಕೂರಬಹುದು. ಅವರಿಗೆ ಅದೇ ದೊಡ್ಡ ಖುಷಿ ಅಲ್ವಾ?

ಗದಗಿನಿಂದ:

ನಾನು ಮಗ್ ಪ್ರಿಂಟ್ ಮಾಡುವ ಸಣ್ಣ ಅಂಗಡಿ ನಡೆಸುತ್ತೇನೆ. ನಿಮ್ಮ ಹಳೆಯ ಮಗ್ ಯಾಕೆ ಮಸುಕಾಯಿತು ಅಂತ ಹೇಳುತ್ತೇನೆ.

ಹತ್ತು ನಿಮಿಷದಲ್ಲಿ ಮಾಡಿಕೊಡುವುದು ಸಬ್ಲಿಮೇಶನ್. ಆ ಬಣ್ಣ ಪಿಂಗಾಣಿಗೆ ಇಳಿಯುವುದೇ ಇಲ್ಲ. ಮಗ್ ಮೇಲೆ ಪಾಲಿಯೆಸ್ಟರ್ ಜಾತಿಯ ತೆಳುವಾದ ಕೋಟಿಂಗ್ ಇರುತ್ತದೆ. ಹೀಟ್ ಪ್ರೆಸ್‌ನಲ್ಲಿ 180ರಿಂದ 200 ಡಿಗ್ರಿ ಕಾವಿಗೆ ಇಂಕ್ ಆವಿಯಾಗಿ ಅದರೊಳಗೆ ಕೂರುತ್ತದೆ. ಸ್ಟೀಲ್ ಜುಂಗಿನಿಂದ ತಿಕ್ಕಿದರೆ ಕೋಟಿಂಗ್ ಸವೆಯುತ್ತದೆ, ಅದರ ಜೊತೆ ಬಣ್ಣವೂ ಹೋಗುತ್ತದೆ. ಅಗ್ಗದ ಮಗ್‌ಗಳಲ್ಲಿ ಕೋಟಿಂಗೇ ಕಳಪೆ. ಮೆತ್ತನೆಯ ಸ್ಪಾಂಜ್, ಸ್ವಲ್ಪ ಸೋಪು ಸಾಕು. ರಾತ್ರಿಯಿಡೀ ನೀರಲ್ಲಿ ನೆನೆ ಹಾಕಬೇಡಿ. ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ.

ಬಹಳ ವರ್ಷ ಬಾಳಬೇಕು ಅಂದರೆ ಡೀಕಾಲ್ ಕೇಳಿ. ಅದರಲ್ಲಿ ಪಿಂಗಾಣಿಯ ಬಣ್ಣದಿಂದ ಅಚ್ಚು ಮಾಡಿದ ಹಾಳೆಯನ್ನು ನೀರಲ್ಲಿ ನೆನೆಸಿ ಮಗ್‌ಗೆ ಅಂಟಿಸಿ, ಸುಮಾರು 800 ಡಿಗ್ರಿಯ ಕುಲುಮೆಯಲ್ಲಿ ಸುಡುತ್ತಾರೆ. ಬಣ್ಣ ಮೆರುಗಿನ ಜೊತೆ ಕರಗಿ ಒಂದಾಗುತ್ತದೆ. ಇದು ನನ್ನ ಅಂಗಡಿಯಲ್ಲಿ ಆಗುವ ಕೆಲಸವಲ್ಲ, ಒಂದೇ ಮಗ್‌ಗೆ ಖರ್ಚೂ ಜಾಸ್ತಿ. ಮಾಡಿಸಿದರೆ ಸೀಸ, ಕ್ಯಾಡ್ಮಿಯಂ ಇಲ್ಲದ ಬಣ್ಣವೇ ಬೇಕು ಅಂತ ಹೇಳಿ. ತುಟಿ ತಾಗುವ ಅಂಚಿನಿಂದ ಎರಡು ಸೆಂ.ಮೀ. ಖಾಲಿ ಬಿಡಿಸಿ. ಚಿನ್ನದ ಗೆರೆ ಹಾಕಿಸಿದರೆ ಮೈಕ್ರೋವೇವ್‌ಗೆ ಇಡುವ ಹಾಗಿಲ್ಲ.

ಹಕ್ಕಿನ ಚಿಂತೆ ಬೇಡ. ನಮ್ಮ ಕಾನೂನಿನಲ್ಲಿ ಚಿತ್ರಕಾರ ತೀರಿಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಟರ್ನರ್ ತೀರಿಕೊಂಡಿದ್ದು 1851ರಲ್ಲಿ. ಆದರೆ ಈಗಿನ ಕಲಾವಿದರ ಚಿತ್ರ ತಂದರೆ ಅವರ ಒಪ್ಪಿಗೆ ಕೇಳಿ ಅಂತ ನಾನು ಗಿರಾಕಿಗಳಿಗೆ ಹೇಳುತ್ತೇನೆ.

ಹಾವೇರಿಯಿಂದ:

ನಾನು ಹಾಕಿಸಿದ್ದು ರಷ್ಯಾದ ಚಿತ್ರಕಾರ ಐವಾಜೋವ್ಸ್ಕಿಯ ಚೆಸ್ಮಾ ಕದನ. 1770ರಲ್ಲಿ ರಷ್ಯಾದವರು ತುರ್ಕರ ನೌಕಾಪಡೆಯನ್ನು ರಾತ್ರಿ ಸುಟ್ಟ ದೃಶ್ಯ. ಕಂಪ್ಯೂಟರ್‌ನಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮಗ್ ಮೇಲೆ ಬೆಂಕಿ ಚೆನ್ನಾಗಿ ಬಂತು, ಮಿಕ್ಕಿದ್ದೆಲ್ಲ ಕಂದು ಮಸಿಯಾಯಿತು. ಕತ್ತಲಿನ ಚಿತ್ರವಾದರೆ ಮೊದಲೇ ಸ್ವಲ್ಪ ಬೆಳಕು ಹೆಚ್ಚಿಸಿ, ಒಂದು ಮಗ್ ಪರೀಕ್ಷೆಗೆ ಮಾಡಿಸಿ ನೋಡಿ. ಟರ್ನರ್ ಚಿತ್ರದ ಆಕಾಶದಲ್ಲಿ ಬೆಳಕಿದೆ. ನಿಮ್ಮದು ಒಳ್ಳೆಯ ಆಯ್ಕೆ.

ಕೊಡುವುದಾದರೆ ಡಿಸೆಂಬರ್ 4ಕ್ಕೆ ಕೊಡಿ. 1971ರಲ್ಲಿ ಕರಾಚಿ ಬಂದರಿನ ಮೇಲೆ ನಮ್ಮವರು ದಾಳಿ ಮಾಡಿದ ನೆನಪಿಗೆ ಅವತ್ತು ನೌಕಾಪಡೆ ದಿನ. ಕಾಕಾಗೆ ಆ ತಾರೀಖು ಹೇಳಿಕೊಡಬೇಕಿಲ್ಲ.

ಹುಬ್ಬಳ್ಳಿಯಿಂದ ಇನ್ನೊಬ್ಬರು:

ಕಾರವಾರಕ್ಕೆ ಬಸ್ಸಿನಲ್ಲಿ ಒಯ್ಯುವುದಾದರೆ ಪ್ಯಾಕಿಂಗ್ ನೀವೇ ಮಾಡಿ. ನನ್ನ ತಂಗಿಗೆ ಒಯ್ದ ಮಗ್ ಅರಬೈಲ್ ಘಾಟು ಇಳಿಯುವಷ್ಟರಲ್ಲಿ ಹಿಡಿ ಮುರಿದುಕೊಂಡಿತ್ತು. ಹಿಡಿಯನ್ನು ಆಮೇಲೆ ಅಂಟಿಸಿರುತ್ತಾರೆ, ಅದೇ ಜಾಗ ಮೊದಲು ಬಿಡುತ್ತದೆ. ಹೊರಗೆ ಎಷ್ಟು ಸುತ್ತಿದರೂ ಸಾಲದು. ಒಳಗೆ ಹಳೆಯ ಕಾಟನ್ ಬಟ್ಟೆ ಬಿಗಿಯಾಗಿ ತುಂಬಿ. ಹಿಡಿಯ ಸಂದಿಗೂ ಬಟ್ಟೆ ತುರುಕಿ. ಡಬ್ಬಿ ಅಲ್ಲಾಡಿಸಿದಾಗ ಏನೂ ಸದ್ದು ಬರಬಾರದು. ಬಸ್ಸಿನಲ್ಲಿ ಮೇಲೆ ಇಡಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ.