ಕಾಫಿ ಹೂವಿನ ಟೈಮ್‌ಲ್ಯಾಪ್ಸ್: 200 ಫ್ರೇಮ್ ಕೊಟ್ಟರೆ 100 ಮಾತ್ರ ಬರುತ್ತಿದೆ, ಫರ್ಮ್‌ವೇರ್ ದೋಷವೇ?

ಪ್ರಶ್ನೆ (ಸಿದ್ದಾಪುರ)

ನಮಸ್ಕಾರ. ಹೂಮಳೆ ಬಿದ್ದಾಯಿತು, ರೊಬಸ್ಟಾ ಮೊಗ್ಗು ಇನ್ನೇನು ಬಿರಿಯುತ್ತದೆ. ಬೆಳಗಿನ ಜಾವ 5ಕ್ಕೆ ಶುರು ಮಾಡಿ ಬಿಸಿಲು ಬೀಳುವವರೆಗೆ ಒಂದರ ಹಿಂದೊಂದು ಫೋಟೋ ತೆಗೆದು ವಿಡಿಯೋ (ಟೈಮ್‌ಲ್ಯಾಪ್ಸ್) ಮಾಡಬೇಕು. ಎಂ ಮೋಡ್ (ಎಲ್ಲ ಸೆಟ್ಟಿಂಗ್ ಕೈಯಿಂದ), ಅಪರ್ಚರ್ (ಲೆನ್ಸ್ ಕಿಂಡಿ) ಎಫ್/4, ಶಟರ್ 30 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600, ರಾ (ಸಂಸ್ಕರಿಸದ) ಫೈಲ್, ಇಂಟರ್ವಲ್ (ಒಂದು ಫೋಟೋ ಶುರುವಿನಿಂದ ಮುಂದಿನದರ ಶುರುವಿಗೆ) 35 ಸೆಕೆಂಡ್, 200 ಫ್ರೇಮ್ (ಫೋಟೋ). ಪರೀಕ್ಷೆಗೆ ಇಟ್ಟರೆ ಕಾರ್ಡಿನಲ್ಲಿ ಸರಿಯಾಗಿ ಅರ್ಧ. ಕಾರ್ಡ್ ಬದಲಿಸಿದರೂ ಅಷ್ಟೇ. 6 ಗಂಟೆ ದಾಟಿದ ಮೇಲಿನವೆಲ್ಲ ಬರೀ ಬಿಳಿ. ಕ್ಯಾಮೆರಾ ಕಂಪನಿಗೆ ಬರೆದು ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಸರಿಮಾಡಿ ಅಂತ ಕೇಳಬೇಕೆಂದಿದ್ದೇನೆ. ಏನಂತ ಬರೆಯಲಿ?

ಉತ್ತರ (ಮಡಿಕೇರಿ)

ಸರಿಯಾಗಿ ಅರ್ಧ ಅಂದರೆ ಕಾರ್ಡಿನ ತಪ್ಪಲ್ಲ ಸರ್. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಅಥವಾ ಆಟೋ ಇರಬೇಕು, ನೋಡಿ. ಅದು ಆನ್ ಇದ್ದರೆ ಪ್ರತಿ ಫೋಟೋ ಆದಮೇಲೆ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫ್ರೇಮ್ ತೆಗೆದು, ಮೊದಲನೆಯದರಿಂದ ಕಳೆಯುತ್ತದೆ. ಒಂದು ಫೋಟೋಗೆ ಒಂದು ನಿಮಿಷದ ಮೇಲೆ ಹಿಡಿಯಿತು. 35ನೇ ಸೆಕೆಂಡಿಗೆ ಕ್ಯಾಮೆರಾ ಇನ್ನೂ ಅದರಲ್ಲೇ ಇರುತ್ತದೆ, ಆ ಸರದಿ ತಪ್ಪಿಹೋಗುತ್ತದೆ. 70ನೇ ಸೆಕೆಂಡಿಗೆ ಮುಂದಿನದು. ಹೀಗೆ ಒಂದು ಬಿಟ್ಟು ಒಂದು.

ಅದನ್ನು ಆಫ್ ಮಾಡಿ. ಆದರೆ ಇಂಟರ್ವಲ್ ಅನ್ನು 31ಕ್ಕೆ ಇಳಿಸಬೇಡಿ. ಶಟರ್ ತೆರೆದಿರುವ ಸೆಕೆಂಡುಗಳು ಎರಡೆರಡು ಪಟ್ಟಾಗಿ ಏರುತ್ತವೆ: 1, 2, 4, 8, 16, 32. ಡಯಲ್ ಮೇಲೆ 15, 30 ಅಂತ ಬರೆದಿದ್ದರೂ ಎಷ್ಟೋ ಕ್ಯಾಮೆರಾಗಳಲ್ಲಿ ಶಟರ್ ನಿಜಕ್ಕೂ ತೆರೆದಿರುವುದು 16 ಮತ್ತು 32 ಸೆಕೆಂಡ್. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಶಟರ್ ತೆರೆದ ಸದ್ದಿನಿಂದ ಮುಚ್ಚಿದ ಸದ್ದಿನವರೆಗೆ ಎಣಿಸಿ, ಗೊತ್ತಾಗುತ್ತದೆ. ಕಾರ್ಡಿಗೆ ಬರೆಯಲು 2-3 ಸೆಕೆಂಡ್ ಸೇರಿಸಿದರೆ 35 ಸರಿಯಾದ ಲೆಕ್ಕವೇ.

ಬಿಳಿ, ಕೆಂಪು ಚುಕ್ಕೆ ಉಳಿದರೆ ಕೊನೆಯಲ್ಲಿ ಲೆನ್ಸ್ ಕ್ಯಾಪ್ ಹಾಕಿ ಅದೇ ಐಎಸ್‌ಒ, ಅದೇ 30 ಸೆಕೆಂಡಿನಲ್ಲಿ 10-15 ಕಪ್ಪು ಫ್ರೇಮ್ ತೆಗೆದಿಡಿ. ರಾಥೆರಪಿಯಲ್ಲಿ ಡಾರ್ಕ್ ಫ್ರೇಮ್ ಆಯ್ಕೆ ಇದೆ, ಸಾಫ್ಟ್‌ವೇರ್ ಉಚಿತ. ಸೆನ್ಸರ್ ಬೆಚ್ಚಗಿರುವಾಗಲೇ ತೆಗೆಯಬೇಕು. ಮನೆಗೆ ಬಂದು ಮರುದಿನ ತೆಗೆದರೆ ಚುಕ್ಕೆಗಳು ಹೊಂದುವುದಿಲ್ಲ.

ಉತ್ತರ (ಗೋಣಿಕೊಪ್ಪ)

ಬಿಳಿಯಾಗುವುದಕ್ಕೆ ಕಾರಣ ಎಂ ಮೋಡ್. ಬೆಳಕು ಏರಿದರೂ ಎಕ್ಸ್‌ಪೋಷರ್ ಕದಲುವುದಿಲ್ಲ. ಎಂ ಜೊತೆ ಆಟೋ ಐಎಸ್‌ಒ ಹಾಕಿದರೂ ಸಾಲದು. ಐಎಸ್‌ಒ 1600ರಿಂದ 100ಕ್ಕೆ ಇಳಿದರೆ ಸಿಗುವುದು ನಾಲ್ಕೇ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು), ಬೆಳಗಾಗುವಾಗ ಬೆಳಕು ಅದರ ಎಷ್ಟೋ ಪಟ್ಟು ಹೆಚ್ಚುತ್ತದೆ. ಎ ಮೋಡಿಗೆ (ಅಪರ್ಚರ್ ನಿಮ್ಮದು, ಶಟರ್ ಸಮಯ ಕ್ಯಾಮೆರಾದ್ದು) ಹೋಗಿ, ಅಪರ್ಚರ್ ಪೂರ್ತಿ ತೆರೆಯಿರಿ, ಆಟೋ ಐಎಸ್‌ಒ ಮಿತಿ 1600, ಫ್ರೇಮಿನಿಂದ ಫ್ರೇಮಿಗೆ ಬೆಳಕನ್ನು ನಯವಾಗಿ ಬದಲಿಸುವ ಎಕ್ಸ್‌ಪೋಷರ್ ಸ್ಮೂದಿಂಗ್ ಇದ್ದರೆ ಆನ್. ಅಪರ್ಚರ್ ಪೂರ್ತಿ ತೆರೆದಿದ್ದರೆ ಬ್ಲೇಡುಗಳು ಪ್ರತಿ ಫ್ರೇಮಿಗೂ ಮುಚ್ಚಿ ತೆರೆಯಬೇಕಾಗಿಲ್ಲ, ವಿಡಿಯೋದಲ್ಲಿ ಮಿಣುಕು ಬರುವುದಿಲ್ಲ. ಫೋಕಸ್ ಮ್ಯಾನುಯಲ್, ವೈಟ್ ಬ್ಯಾಲೆನ್ಸ್ ಒಂದೇ ಕಡೆ ನಿಲ್ಲಿಸಿ.

ತೋಟದಲ್ಲಿ ಆ ಹೊತ್ತಿಗೆ ಇಬ್ಬನಿ ಕೂತು ಲೆನ್ಸ್ ಮಂಜಾಗುತ್ತದೆ. ಯುಎಸ್‌ಬಿ ಹೀಟರ್ ಪಟ್ಟಿ, ಒಂದು ಪವರ್ ಬ್ಯಾಂಕ್ ಸಾಕು. ಇದಕ್ಕೆ ಫರ್ಮ್‌ವೇರ್‌ನಲ್ಲಿ ಮದ್ದಿಲ್ಲ.

ಪ್ರಶ್ನೆ (ಸಿದ್ದಾಪುರ)

ನಾಯ್ಸ್ ರಿಡಕ್ಷನ್ ಆನ್ ಇತ್ತು, ಆಫ್ ಮಾಡಿದ ಮೇಲೆ ಎಲ್ಲ ಫ್ರೇಮೂ ಬಂತು. ಹಾಗಾದರೆ ಕಂಪನಿಗೆ ಬರೆಯುವುದೇ ಬೇಡವೇ?

ಉತ್ತರ (ಮಡಿಕೇರಿ)

ಖಂಡಿತ ಬರೆಯಿರಿ. ದೋಷ ಅಂತಲ್ಲ, ಬೇಕಾದ ಸೌಲಭ್ಯ ಅಂತ. ಎಕ್ಸ್‌ಪೋಷರ್, ಕಪ್ಪು ಫ್ರೇಮ್, ಬರೆಯುವ ಸಮಯ ಮೂರೂ ಕ್ಯಾಮೆರಾಕ್ಕೆ ಗೊತ್ತಿರುವ ಲೆಕ್ಕ. ಕೂಡಿದಾಗ ಇಂಟರ್ವಲ್ ಮೀರಿದರೆ ಶುರುವಿನಲ್ಲೇ ಎಚ್ಚರಿಸಬೇಕು, ಸುಮ್ಮನೆ ಫ್ರೇಮ್ ಬಿಡಬಾರದು. ಕಪ್ಪು ಫ್ರೇಮನ್ನು ಪ್ರತಿ ಸಲದ ಬದಲು ಕೊನೆಗೊಮ್ಮೆ ತೆಗೆದು ಎಲ್ಲದಕ್ಕೂ ಬಳಸುವ ಆಯ್ಕೆ ಕೇಳಿ. ಬ್ಯಾಟರಿ ಬದಲಿಸಿದ ಮೇಲೆ ನಿಂತಲ್ಲಿಂದ ಮುಂದುವರಿಯುವುದನ್ನೂ ಕೇಳಬಹುದು. ಇವೆಲ್ಲ ಬರೀ ಸಾಫ್ಟ್‌ವೇರ್ ಕೆಲಸ. ಸೆನ್ಸರ್ ಓದುವ ವೇಗ ಹೆಚ್ಚಿಸಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಅದು ಹಾರ್ಡ್‌ವೇರ್.

ಕೇಳಿದರೆ ಸಿಗುವುದೇ ಇಲ್ಲ ಅನ್ನುವವರಿಗೆ ಎರಡು ಉದಾಹರಣೆ. 2009ರ ಕ್ಯಾನನ್ ಇಒಎಸ್ 7ಡಿಗೆ 2012ರಲ್ಲಿ ಬಂದ ಆವೃತ್ತಿ 2, ಬಟನ್ ಒತ್ತಿ ಹಿಡಿದಾಗ ಒಂದೇ ಸಮನೆ ತೆಗೆಯಬಹುದಾದ ರಾ ಫೋಟೋಗಳನ್ನು 15ರಿಂದ 25ಕ್ಕೆ ಏರಿಸಿತು. ನಿಕಾನ್ ಝಡ್9ಗೆ 2022ರ ಆವೃತ್ತಿ 2.00ರಲ್ಲಿ, ಶಟರ್ ಪೂರ್ತಿ ಒತ್ತುವ ಮೊದಲಿನ ಕ್ಷಣಗಳನ್ನೂ ಉಳಿಸುವ ಪ್ರಿ-ರಿಲೀಸ್ ಕ್ಯಾಪ್ಚರ್ ಸೇರಿತು.

ಒಂದು ಪತ್ರಕ್ಕೆ ಒಂದೇ ಬೇಡಿಕೆ. ಮಾದರಿ, ಈಗಿರುವ ಫರ್ಮ್‌ವೇರ್ ಆವೃತ್ತಿ, ಲೆನ್ಸ್, ಕಾರ್ಡ್, ಮೇಲಿನ ಸೆಟ್ಟಿಂಗ್‌ಗಳು, ಎಷ್ಟು ಫ್ರೇಮ್ ಬರಬೇಕಿತ್ತು, ಎಷ್ಟು ಬಂತು. ಅಕ್ಕಪಕ್ಕದ ಎರಡು ಫ್ರೇಮ್ ಲಗತ್ತಿಸಿ, ನಡುವಿನ 70 ಸೆಕೆಂಡ್ ಎಕ್ಸಿಫ್‌ನಲ್ಲೇ (ಫೋಟೋ ಫೈಲಿನೊಳಗಿನ ಸಮಯ, ಸೆಟ್ಟಿಂಗ್ ಮಾಹಿತಿ) ಕಾಣುತ್ತದೆ.

ಉತ್ತರ (ಗೋಣಿಕೊಪ್ಪ)

ಬರೆಯುವ ಮೊದಲು ಹೊಸ ಆವೃತ್ತಿ ಬಂದಿದೆಯಾ ನೋಡಿ, ಇದ್ದರೆ ಹಾಕಿಕೊಳ್ಳಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫರ್ಮ್‌ವೇರ್ ಫೈಲ್ ಅನ್ನು ಫೋಟೋಗಳಿರುವ ಡಿಸಿಐಎಂ ಫೋಲ್ಡರಿನೊಳಗೆ ಹಾಕಬೇಡಿ, ಕಾರ್ಡ್ ತೆರೆದ ತಕ್ಷಣ ಕಾಣುವ ಜಾಗದಲ್ಲಿರಲಿ. ಎರಡು ಸಲ ಡೌನ್‌ಲೋಡ್ ಆದರೆ ಹೆಸರಿನ ಕೊನೆಗೆ ಕಂಸದಲ್ಲಿ 1 ಸೇರಿಕೊಳ್ಳುತ್ತದೆ, ಆಗ ಕ್ಯಾಮೆರಾಕ್ಕೆ ಫೈಲ್ ಕಾಣುವುದೇ ಇಲ್ಲ. ಹೆಸರಿನಿಂದ ಆ ಕಂಸ, 1 ಅಳಿಸಿ ಮೂಲ ಹೆಸರು ಇಡಿ. ಮುಗಿಯಿತು ಅಂತ ತೋರಿಸುವವರೆಗೆ ಸ್ವಿಚ್ ಮುಟ್ಟಬೇಡಿ.